ಲಯನೆಲ್ ದಾಟದ ಗೆರೆ

ನಮ್ಮ ಪೊಲ್‌ವೆಡ್ಡನ್ನಿನಲ್ಲಿ ದೇವರ ವಿಷಯಕ್ಕೆ ಜಗಳವಾದದ್ದನ್ನು ನಾನು ಕಂಡಿಲ್ಲ. ಇಗರ್ಜಿಯವರು ಇಗರ್ಜಿಗೆ ಹೋಗುತ್ತಾರೆ, ಚಾಪೆಲ್ಲಿನವರು ಚಾಪೆಲ್ಲಿಗೆ ಹೋಗುತ್ತಾರೆ, ಹಳೆಯ ದಾರಿಯವರು ಗುಡ್ಡದ ಮೇಲಿನ ನೆಟ್ಟಗಲ್ಲಿನ ಹತ್ತಿರ ಹೋಗಿ ಡೋಲು ಬಡಿಯುತ್ತಾರೆ. ಇದಾವುದೂ ಬೇಡವೆನ್ನುವವರಿಗೆ ಸಿರಿಲ್ ಪಾಸ್ಕೋನ ಪಬ್ ಇದೆ. ಯಾವ ದಾರಿಯವರಾದರೂ ಹಸಿದಾಗ ನನ್ನ ಬೇಕರಿಗೇ ಬರಬೇಕಾದ್ದರಿಂದ ನನಗೆ ಎಲ್ಲ ಮತಗಳ ಮೇಲೂ ಸಮಾನ ಗೌರವ. ಹಳೆಯ ದಾರಿಯವರನ್ನು ಓದಿದವರು ಪೇಗನ್ನರು ಅನ್ನುತ್ತಾರೆ, ನಾವು ಗುಡ್ಡದವರು ಅನ್ನುತ್ತೇವೆ.

ಇಂಥ ಊರಿನಲ್ಲೂ ಒಂದು ಧರ್ಮಸಂಕಟ ಹುಟ್ಟಿಸಲು ಲಯನೆಲ್ ಟ್ರೆಗೀರ್‌ನೇ ಬೇಕಾಯಿತು.

ಲಯನೆಲ್ ನನ್ನ ಪಕ್ಕದ ಮನೆಯವನು. ನಿವೃತ್ತಿಯಾಗುವ ತನಕ ಬೆಂಕಿ ಸುರಕ್ಷತೆಯ ಇನ್‌ಸ್ಪೆಕ್ಟರ್ ಆಗಿದ್ದ. ಜಿಲ್ಲೆಯಲ್ಲಿ ಅವನು ಹೊಕ್ಕು ನೋಡದ ಅಡುಗೆಮನೆಯಿಲ್ಲ, ಬೈಯದ ಒಲೆಯಿಲ್ಲ. ನನ್ನ ಬೇಕರಿಗೂ ವರ್ಷಕ್ಕೊಮ್ಮೆ ಬರುತ್ತಿದ್ದ. ಬಾಗಿಲಲ್ಲಿ ಟೋಪಿ ತೆಗೆದು, ನನ್ನನ್ನು ಗುರುತೇ ಇಲ್ಲದವನಂತೆ ನೋಡಿ, ಬಲಗೈಯನ್ನು ಗೋಡೆಗೆ ತಾಗಿಸಿಕೊಂಡು ಇಡೀ ಕಟ್ಟಡ ಸುತ್ತಿ ಮತ್ತೆ ಬಾಗಿಲಿಗೇ ಬಂದು ನಿಲ್ಲುತ್ತಿದ್ದ. ಹೊಗೆ ತುಂಬಿ ಕಣ್ಣು ಕಾಣದಿದ್ದರೂ ಬಲಗೈ ಗೋಡೆ ಬಿಡದಿದ್ದರೆ ಬಂದ ಬಾಗಿಲಿಗೇ ವಾಪಸು ಬರುತ್ತೀಯ ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಹಿರಿಯರು ಹೇಳಿಕೊಟ್ಟಿದ್ದರಂತೆ. ಆಮೇಲೆ ಅವನ ಬಲಗೈ ಗೋಡೆ ಬಿಡಲೇ ಇಲ್ಲ. ಪಬ್ಬಿನಲ್ಲಿ ಮೂತ್ರಕ್ಕೆ ಹೋಗುವಾಗಲೂ ಹಾಗೆಯೇ ಹೋಗುತ್ತಿದ್ದ, ಎದುರಿಗಿದ್ದ ಹತ್ತಿರದ ದಾರಿ ಬಿಟ್ಟು.

ಬ್ರಹ್ಮಚಾರಿಯಾಗಿಯೇ ಇದ್ದು ಮುದುಕನಾದ ಈ ಮನುಷ್ಯ ನಿವೃತ್ತಿಯಾದ ಮೇಲೆ ಮೊರ್ವೆನ್ನಾಳನ್ನು ಮೆಚ್ಚಿಕೊಂಡ. ಮೊರ್ವೆನ್ನಾ ಗುಡ್ಡದವರಿಗೆಲ್ಲ ಹಿರಿಯಳು. ಸೊಪ್ಪುಸದೆ ಬೆಳೆದು ಒಣಗಿಸಿ ಮಾರುತ್ತಾಳೆ, ಮಾತು ಕಮ್ಮಿ. ಅವಳ ಮೊದಲ ಗಂಡ ದೋಣಿಗೆ ಬಣ್ಣ ತರುತ್ತೇನೆಂದು ಒಂದು ಬೆಳಿಗ್ಗೆ ಹೋದವನು ಇನ್ನೂ ಬಣ್ಣ ಹುಡುಕುತ್ತಲೇ ಇದ್ದಾನೆ. ಹಾಗಾಗಿ ರಿಜಿಸ್ಟರ್ ಮದುವೆಯ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ಗುಡ್ಡದವರಲ್ಲಿ ಕೈಗಂಟು ಅಂತ ಒಂದಿದೆ. ಗಂಡುಹೆಣ್ಣು ಕಲ್ಲಿನ ಮುಂದೆ ನಿಂತು ಕೈಗೆ ಕೈ ಸೇರಿಸಿ ಹುರಿ ಕಟ್ಟಿಸಿಕೊಳ್ಳುತ್ತಾರೆ. ಆ ಗಂಟು ಒಂದು ವರ್ಷ ಒಂದು ದಿನ ಮಾತ್ರ ನಿಲ್ಲುತ್ತದೆ. ಅಷ್ಟು ದಿನ ಕಳೆದ ಮೇಲೆ ಸೂರ್ಯ ಮುಳುಗುವ ಹೊತ್ತಿಗೆ ಇಬ್ಬರೂ ಬಂದು ನಿಂತರೆ ಮತ್ತೆ ಗಂಟು, ಒಬ್ಬರು ಬಾರದಿದ್ದರೂ ಅವರವರ ದಾರಿ ಅವರವರಿಗೆ. ಅಳುವುದು ಕರೆಯುವುದು ಕೋರ್ಟಿಗೆ ಹೋಗುವುದು ಏನೂ ಇಲ್ಲ.

ಮೊದಲ ಗಂಟಿನ ದಿನ ಲಯನೆಲ್ ಮದುಮಗನ ಉಡುಪಿನ ಮೇಲೆ ಬೆಂಕಿ ಆರಿಸುವ ಸಿಲಿಂಡರ್ ಹೊತ್ತುಕೊಂಡೇ ಗುಡ್ಡ ಹತ್ತಿದ್ದ. ಗಂಟು ಬಿದ್ದು, ಗಂಡುಹೆಣ್ಣು ಕಲ್ಲಿನ ಮುಂದೆ ಹಚ್ಚಿದ ಬೆಂಕಿ ದಾಟಬೇಕು ಎನ್ನುವಷ್ಟರಲ್ಲಿ ಒಂದು ಕಿಡಿ ಹಾರಿ ಡೋಲು ಬಡಿಯುತ್ತಿದ್ದ ಕೆನ್ವಿನ್‌ನ ಗಡ್ಡದ ಮೇಲೆ ಕೂತಿತು. ಕೂತಿತು ಅಂತ ಲಯನೆಲ್ ಹೇಳುತ್ತಾನೆ, ಕೂರಲಿಲ್ಲ ಅಂತ ಕೆನ್ವಿನ್ ಹೇಳುತ್ತಾನೆ. ಲಯನೆಲ್ ಕಟ್ಟಿದ ಕೈಯಲ್ಲೇ ಸಿಲಿಂಡರ್ ಎತ್ತಿ ಗಡ್ಡ, ಡೋಲು, ಬೆಂಕಿ, ಕೇಸರಿ ಬನ್ನುಗಳ ಬುಟ್ಟಿ ಎಲ್ಲವನ್ನೂ ಬಿಳಿ ನೊರೆಯಲ್ಲಿ ಮುಳುಗಿಸಿದ. ಬನ್ನು ನಾನೇ ಬೇಯಿಸಿಕೊಟ್ಟದ್ದಾದ್ದರಿಂದ ಆ ನಷ್ಟ ನನಗೆ ಚೆನ್ನಾಗಿ ನೆನಪಿದೆ.

ಮೊರ್ವೆನ್ನಾ ಅವತ್ತು ನೊರೆ ಒರೆಸಿಕೊಂಡು ಗುಡ್ಡ ಇಳಿದಳು. ಆದರೆ ಅವಳು ಏನನ್ನೂ ಮರೆಯುವವಳಲ್ಲ. ಗಂಟು ಮುಗಿಯುವ ಕಾಲ ಹತ್ತಿರ ಬಂದಾಗ ಒಂದೇ ಷರತ್ತು ಹಾಕಿದಳು. ಈ ಸಲ ಗಂಟಿಗೆ ನಿಲ್ಲುವ ಜಾಗದ ಸುತ್ತ ಉಪ್ಪಿನ ಗೆರೆಯ ಮಂಡಲವನ್ನು ಲಯನೆಲ್ಲೇ ಕಟ್ಟಬೇಕು. ಸಿಲಿಂಡರ್ ಹಿಡಿದು ಕಾವಲಿಗೆ ಬಂದವನ ಜೊತೆ ತಾನು ಇನ್ನೊಂದು ವರ್ಷ ಇರುವುದಿಲ್ಲ, ಒಳಗೆ ಬಂದು ನಿಲ್ಲುವವನಾದರೆ ಇರುತ್ತೇನೆ ಎಂದಳು.

ಲಯನೆಲ್ ಕಲಿಯಲು ಕೂತ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನುವ ಹಾಗೆ, ಕಲಿಕೆಯ ಜೊತೆಗೆ ಸುರಕ್ಷತೆಯ ನಿಯಮಗಳನ್ನೂ ತಾನೇ ಕಟ್ಟಿಕೊಂಡ. ಮೇಣದಬತ್ತಿ ಮರಳಿನ ಬಕೆಟ್ಟಿನಲ್ಲಿ, ಬಕೆಟ್ಟು ತಗಡಿನ ಮೇಲೆ, ತಗಡು ನೆನೆಸಿದ ಗೋಣಿಯ ಮೇಲೆ. ನಿಲುವಂಗಿಯ ತೋಳು ಬೆಂಕಿಗೆ ತಾಗಬಾರದೆಂದು ಸೈಕಲ್ಲಿನವರು ಪ್ಯಾಂಟಿಗೆ ಹಾಕುವ ಕ್ಲಿಪ್ಪು. ಒಂದು ದಿನ ಅಡುಗೆಮನೆಯಲ್ಲಿ ಒಣಸೊಪ್ಪಿನ ಧೂಪ ಹಾಕುವುದನ್ನು ಅಭ್ಯಾಸ ಮಾಡುವಾಗ ಅವನದೇ ಅಲಾರಂ ಕೂಗಿ ಅಗ್ನಿಶಾಮಕ ದಳ ಬಂತು. ಬಂದವರೆಲ್ಲ ಅವನ ಹಳೆಯ ಶಿಷ್ಯರು. ಬರಲು ತಡಮಾಡಿದಿರಿ ಎಂದು ಬೈದು ಕಳಿಸಿದ.

ಮೊರ್ವೆನ್ನಾಳ ಪಾಠ ಮಾತ್ರ ಚಿಕ್ಕದು. ನನ್ನ ಬೇಲಿಯಾಚೆಯೇ ನಡೆದದ್ದರಿಂದ ನಾನೂ ಕೇಳಿಸಿಕೊಂಡೆ.

"ಮಂಡಲ ಕಟ್ಟೋದು ಸೂರ್ಯ ಹೋಗೋ ದಿಕ್ಕಿಗೆ. ಚೂರಿ ಹಿಡಿದು ಸುತ್ತು ಬಾ, ಉಪ್ಪು ಸುರಿ. ಕಟ್ಟಿದ ಮೇಲೆ ಗೆರೆ ದಾಟೋ ಹಾಗಿಲ್ಲ. ಹೊರಗೆ ಬರಬೇಕಾದ್ರೆ ಅದೇ ಚೂರಿಯಿಂದ ಬಾಗಿಲು ಕುಯ್ದು ಬರಬೇಕು. ಹಾಗೇ ದಾಟಿದ್ರೆ, ಯಾವುದಕ್ಕೆ ಅಂತ ಕಟ್ಟಿದ್ಯೋ ಅದೇ ಮುರಿದುಹೋಗುತ್ತೆ."

"ತುರ್ತು ನಿರ್ಗಮನ?" ಎಂದು ಲಯನೆಲ್ ಕೇಳಿದ.

"ಇಲ್ಲ," ಎಂದಳು ಮೊರ್ವೆನ್ನಾ.

ತುರ್ತು ನಿರ್ಗಮನವಿಲ್ಲದ ಕಟ್ಟಡವನ್ನು ಲಯನೆಲ್ ಜೀವಮಾನದಲ್ಲಿ ಪಾಸು ಮಾಡಿದವನಲ್ಲ. ಅವತ್ತು ಆಗಲಿ ಎಂದು ತಲೆಯಾಡಿಸಿದ. ಪ್ರೀತಿ ಅಂದರೆ ಇದೇ ಇರಬೇಕು ಅಂತ ನನಗೆ ಆಗ ಅನಿಸಿತು.

ಗಂಟಿನ ದಿನ ಬಂತು. ಅವತ್ತು ಸೂರ್ಯ ಮುಳುಗುವ ತನಕ ಇಬ್ಬರೂ ಮುಖ ನೋಡಬಾರದು, ಒಬ್ಬರಿಗೊಬ್ಬರು ಸುದ್ದಿಯನ್ನೂ ಕಳಿಸಬಾರದು. ಹಾಗಾಗಿ ಮೊರ್ವೆನ್ನಾ ಬೆಳಿಗ್ಗೆಯೇ ತನ್ನವರ ಜೊತೆ ಗುಡ್ಡ ಹತ್ತಿ ಹೋದಳು. ಲಯನೆಲ್‌ಗೆ ಸಂಜೆ ತನಕ ಸುಮ್ಮನೆ ಕೂರಲಾಗಲಿಲ್ಲ. ಒಂದು ಸಲ ಪೂರ್ತಿ ತಾಲೀಮು ಮಾಡಿಬಿಡೋಣ ಎಂದುಕೊಂಡ. ಹಿತ್ತಿಲಲ್ಲಿ ಎಣ್ಣೆ ಟ್ಯಾಂಕು ಇದೆ, ಅದರ ಹತ್ತಿರ ಮೇಣದಬತ್ತಿ ಹಚ್ಚುವುದು ನಿಯಮಕ್ಕೆ ವಿರುದ್ಧ. ಆದ್ದರಿಂದ ಊರಿನವರೆಲ್ಲ ಓಡಾಡುವ ರಸ್ತೆಗೆ ಎದುರಾಗಿ, ಮನೆ ಮುಂದಿನ ಹುಲ್ಲಿನ ಮೇಲೆ ಮಂಡಲ ಕಟ್ಟಿದ.

ನಾನು ಬ್ರೆಡ್ ಕೊಡಲು ಹೋದಾಗ ಅವನು ಉಪ್ಪಿನ ಗೆರೆಯ ನಡುವೆ ನಿಂತಿದ್ದ. ಮೈಮೇಲೆ ಹಸಿರು ನಿಲುವಂಗಿ, ಅದರ ಮೇಲೆ ರಸ್ತೆ ಕೆಲಸದವರು ಹಾಕುವ ಹೊಳೆಯುವ ಹಳದಿ ಜಾಕೆಟ್ಟು, ತೋಳಿಗೆ ಕ್ಲಿಪ್ಪು, ಪಕ್ಕದಲ್ಲಿ ಮೇಣದಬತ್ತಿಯ ಬಕೆಟ್ಟು, ಅದರ ಪಕ್ಕ ಸಿಲಿಂಡರ್. ಮುಖ ಹುಳಿಹಿಟ್ಟಿನ ಬಣ್ಣಕ್ಕೆ ತಿರುಗಿತ್ತು.

"ಬೆರಿಲ್," ಎಂದ, "ನಾನು ಹೊರಗೆ ಬರೋ ಹಾಗಿಲ್ಲ."

ಸೊಂಟ ಹಿಡಿದುಕೊಂಡಿರಬೇಕು ಎಂದು ಕೈ ಕೊಡಲು ಹೋದೆ. ಹೌಹಾರಿ ಹಿಂದೆ ಸರಿದ. ಆಮೇಲೆ ಒಂದೊಂದೇ ಬಿಡಿಸಿ ಹೇಳಿದ. ಹರಿತವಾದ ಆಯುಧವನ್ನು ಬಳಸಿದ ಕೂಡಲೇ ಅದರ ಪೆಟ್ಟಿಗೆಗೆ ಹಿಂತಿರುಗಿಸಬೇಕು ಎನ್ನುವುದು ಅವನದೇ ನಿಯಮ. ಚೂರಿ ಹಿಡಿದು ಸುತ್ತಿದ್ದಾನೆ, ಉಪ್ಪು ಸುರಿಯುತ್ತಾ ಬಂದಿದ್ದಾನೆ, ಕೊನೆಯ ಒಂದು ಗೇಣು ಬಾಕಿ ಇದ್ದಾಗ ಕೈ ಹೊರಚಾಚಿ ಚೂರಿಯನ್ನು ಹೊರಗಿನ ಪೆಟ್ಟಿಗೆಯಲ್ಲಿಟ್ಟು, ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಉಳಿದ ಗೇಣಿಗೂ ಉಪ್ಪು ಸುರಿದು ಗೆರೆ ಮುಚ್ಚಿದ್ದಾನೆ. ಈಗ ಚೂರಿ ಹೊರಗೆ, ಕೀಲಿ ಒಳಗೆ, ಕೀಲಿಯ ಜೊತೆ ಲಯನೆಲ್. ಆ ಹರಿತವಾದ ಆಯುಧ ಯಾವುದೆಂದು ವಿಚಾರಿಸಿದೆ. ಬೆಣ್ಣೆ ಸವರುವ ಚಾಕು.

ಕೀಲಿ ಇತ್ತ ಎಸೆ ಎಂದೆ. ಕೀಲಿಯೂ ಗೆರೆ ದಾಟಬಾರದಂತೆ. ಹಾಗಾದರೆ ಗುಡ್ಡಕ್ಕೆ ಹೋಗಿ ಮೊರ್ವೆನ್ನಾಳನ್ನೇ ಕೇಳಿ ಬರುತ್ತೇನೆ ಎಂದೆ. ಅದಕ್ಕೆ ಅವನು ಕೈಮುಗಿಯುವುದೊಂದು ಬಾಕಿ. ಇವತ್ತು ಸುದ್ದಿ ಕಳಿಸಿದರೆ ಅದೇ ಒಂದು ತಪ್ಪು, ಮಂಡಲ ಕಟ್ಟಲು ಬರಲಿಲ್ಲವೆಂದು ಅವಳಿಗೆ ಗೊತ್ತಾದರೆ ಇನ್ನೊಂದು. ಸಂಜೆ ಅವನು ಕಲ್ಲಿನ ಹತ್ತಿರ ನಿಲ್ಲದಿದ್ದರೆ ಗಂಟು ಹೋಯಿತು, ನಿಲ್ಲಲೆಂದು ಗೆರೆ ದಾಟಿದರೂ ಗಂಟು ಹೋಯಿತು. ಅತ್ತ ದರಿ, ಇತ್ತ ಪುಲಿ. ನಾನು ಬ್ರೆಡ್ಡನ್ನು ಗೇಟಿನ ಕಂಬದ ಮೇಲಿಟ್ಟು ಯೋಚಿಸುತ್ತಾ ನಿಂತೆ.

ಅಷ್ಟರಲ್ಲಿ ಪಬ್ಬಿನ ಸಿರಿಲ್ ಬಂದ. ಅವನಿಗಿಂತ ಮುಂಚೆ ಅವನ ಬೆಕ್ಕು ಬಂತು. ಅದು ಗೆರೆಯನ್ನು ಮೂಸಿ, ದಾಟಿ ಒಳಗೆ ಹೋಗಿ, ಲಯನೆಲ್‌ನ ಕಾಲಿಗೆ ಮೈಯುಜ್ಜಿ ಹೊರಗೆ ಬಂದು, ಮತ್ತೆ ಒಳಗೆ ಹೋಗಿ ಮಲಗಿತು. ಗೆರೆ ದಾಟುವ ಹಾಗಿಲ್ಲ ಎಂದಷ್ಟೇ ಲಯನೆಲ್ ಹೇಳಿದ್ದಕ್ಕೆ, ಬೆಕ್ಕನ್ನು ಹೇಗೆ ಬಿಟ್ಟೆ ಎಂದು ಸಿರಿಲ್ ಕೇಳಿದ. ಬೆಕ್ಕು ಮತ್ತು ಹಸುಗೂಸು ದಾಟಬಹುದು, ಅವುಗಳಿಗೆ ಗೆರೆ ತಾಗುವುದಿಲ್ಲ ಎಂದು ಲಯನೆಲ್ ಶಾಸ್ತ್ರ ಹೇಳಿದ. ಸಿರಿಲ್ ನನ್ನ ಕಡೆ ನೋಡಿದ. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಯಾರಿಗೂ ಹೇಳುವುದಿಲ್ಲವೆಂದು ಆಗಷ್ಟೇ ಮಾತು ಕೊಟ್ಟಿದ್ದೆ.

ಹೇಳದೆ ಇದ್ದದ್ದೇ ತಪ್ಪಾಯಿತು. ಕಾರಣ ಗೊತ್ತಿಲ್ಲದಿದ್ದರೆ ನಮ್ಮೂರಿನವರು ಕಾರಣವನ್ನು ತಾವೇ ಮಾಡಿಕೊಳ್ಳುತ್ತಾರೆ. ಲಯನೆಲ್‌ನ ಗೇಟಿನ ಪಕ್ಕದಲ್ಲಿ ಒಂದು ಹಳೆಯ ಮುಳ್ಳುಮರವಿದೆ. ಹರಕೆಯಿದ್ದವರು ಅದಕ್ಕೆ ಬಟ್ಟೆಚೂರು ಕಟ್ಟುತ್ತಾರೆ. ಮತದ ಭೇದವಿಲ್ಲ, ಚಾಪೆಲ್ಲಿನವರೂ ಕತ್ತಲಾದ ಮೇಲೆ ಬಂದು ಕಟ್ಟುತ್ತಾರೆ. ಆ ಮರ ಅಪಾಯಕಾರಿ, ಕಡಿಯುತ್ತೇವೆ ಎಂದು ಕೌನ್ಸಿಲ್ಲಿನವರು ಅದಕ್ಕೊಂದು ನೋಟಿಸು ಹೊಡೆದು ಹೋಗಿದ್ದರು. ಕಡಿಯುವ ದಿನವೂ ಅದೇ ದಿನವಾಗಿತ್ತು. ಸಿರಿಲ್ ನೋಟಿಸನ್ನು ನೋಡಿದ, ಮರ ನೋಡಿದ, ಮರದ ಹತ್ತಿರ ಗೆರೆ ಹಾಕಿಕೊಂಡು ನಿಂತ ಲಯನೆಲ್‌ನನ್ನು ನೋಡಿದ. ಟೋಪಿ ತೆಗೆದ.

"ಇಷ್ಟು ದಿನ ನಿನ್ನನ್ನ ಪುಕ್ಕಲ ಅಂತಿದ್ದೆ ಕಣೋ," ಎಂದ. "ತಪ್ಪಾಯ್ತು."

ಲಯನೆಲ್‌ಗೆ ಏನೂ ಅರ್ಥವಾಗಲಿಲ್ಲ. ಪರವಾಗಿಲ್ಲ ಎಂದ. ಸಿರಿಲ್ ಪಬ್ಬಿಗೆ ಹೋಗಿ ಸುದ್ದಿ ಹಬ್ಬಿಸಿದ. ಮಧ್ಯಾಹ್ನದ ಹೊತ್ತಿಗೆ ನನ್ನ ಬೇಕರಿಯ ಪಾಸ್ಟಿ ಕಡುಬುಗಳೆಲ್ಲ ಖಾಲಿಯಾಗಿ ಲಯನೆಲ್‌ನ ಗೇಟಿನ ಮುಂದೆ ಕೂತು ತಿನ್ನುತ್ತಿದ್ದವರ ಹೊಟ್ಟೆ ಸೇರಿದ್ದವು. ಮಡಚುವ ಕುರ್ಚಿ ತಂದವರು ತಂದರು, ಕಂಬಳಿ ಹಾಸಿದವರು ಹಾಸಿದರು. ಮರ ಉಳಿಸಲು ಲಯನೆಲ್ ಅನ್ನನೀರು ಬಿಟ್ಟಿದ್ದಾನೆ ಎಂದು ಒಬ್ಬರು, ಮರ ಬಿದ್ದರೆ ತನ್ನ ಮೇಲೇ ಬೀಳಲಿ ಎಂದು ಪ್ರತಿಜ್ಞೆ ಮಾಡಿದ್ದಾನೆ ಎಂದು ಇನ್ನೊಬ್ಬರು. ಯಾರೋ ಹಾಡು ಶುರು ಮಾಡಿದರು.

ನಮ್ಮ ಪಾದ್ರಿಯಮ್ಮ ಫಿಲಿಪ್ಪಾ ಫ್ಲಾಸ್ಕಿನಲ್ಲಿ ಚಹಾ ತಂದರು. ಎಲ್ಲ ಮತದವರಿಗೂ ಕಷ್ಟದಲ್ಲಿ ಚಹಾ ಕೊಡಬೇಕು ಎನ್ನುವುದು ಅವರ ಸಿದ್ಧಾಂತ. ಲಯನೆಲ್ ಬೇಡವೆಂದ. ಚಹಾ ಗೆರೆ ದಾಟುವಂತಿಲ್ಲ. ದಾಟಿ ಒಳಗೆ ಬಂದರೂ ಆಮೇಲೆ ಅದು ಹೊರಗೆ ಹೋಗಬೇಕಾಗುತ್ತದೆ, ಅದಕ್ಕೆ ಇಲ್ಲಿ ವ್ಯವಸ್ಥೆಯಿಲ್ಲ ಎಂದು ವಿನಯದಿಂದ ವಿವರಿಸಿದ. ಪಾದ್ರಿಯಮ್ಮನ ಕಣ್ಣು ತುಂಬಿತು. ಇಷ್ಟು ವರ್ಷ ನಾನು ಉಪವಾಸದ ಮೇಲೆ ಉಪದೇಶ ಕೊಟ್ಟಿದ್ದೇನೆ, ಇವತ್ತು ಕಣ್ಣಾರೆ ಕಂಡೆ ಎಂದು ಅಲ್ಲಿದ್ದವರಿಗೆಲ್ಲ ಹೇಳಿದರು.

ಚಹಾದ ಹೊತ್ತು ಕಳೆದ ಮೇಲೆ ಕೌನ್ಸಿಲ್ಲಿನ ಲಾರಿ ಬಂತು. ಅದರಿಂದ ಹಾಲ್‌ರಾಯ್ಡ್ ಎಂಬ ಅಧಿಕಾರಿ ಇಳಿದರು, ಗರಗಸ ಹಿಡಿದ ಇಬ್ಬರು ಕೆಲಸದವರು ಇಳಿದರು. ಹಾಲ್‌ರಾಯ್ಡರು ಮೇಲಿನ ಊರಿನವರು, ಅಂದರೆ ನದಿಯಾಚೆಯವರು. ಜನರನ್ನು ನೋಡಿ ಅವರಿಗೆ ದಿಗಿಲಾದರೂ ಲಯನೆಲ್‌ನನ್ನು ನೋಡಿ ಮುಖ ಅರಳಿತು.

"ಮಿಸ್ಟರ್ ಟ್ರೆಗೀರ್, ನೀವೇ ಸಿಕ್ಕಿದ್ದು ಒಳ್ಳೇದಾಯ್ತು," ಎಂದರು. "ಈ ಮರದ ಬಗ್ಗೆ ದೂರು ಕೊಟ್ಟವರು ನೀವೇ ಅಂತ ಇವರಿಗೆ ಸ್ವಲ್ಪ ಹೇಳಿಬಿಡಿ."

ಹಾಡು ನಿಂತಿತು. ಪಾಸ್ಟಿ ಬಾಯಿಗಿಟ್ಟವರು ಹಾಗೆಯೇ ಇಟ್ಟುಕೊಂಡರು. ಲಯನೆಲ್ ಸುಳ್ಳು ಹೇಳುವವನಲ್ಲ, ಅವನಿಗೆ ಅದು ಬರುವುದೇ ಇಲ್ಲ. ಹೌದು ಎಂದ. ದಾರಿಯ ಮೇಲೆ ಬಾಗಿದ ಒಂದು ಒಣಕೊಂಬೆ ಇದೆ, ಅದರ ಕೆಳಗೆ ಮೊರ್ವೆನ್ನಾ ದಿನಾ ಓಡಾಡುತ್ತಾಳೆ, ಅದು ಅವಳ ತಲೆಯ ಮೇಲೆ ಬಿದ್ದೀತೆಂದು ದೂರು ಕೊಟ್ಟೆ, ಕೊಂಬೆ ಕಡಿಯಿರಿ ಅಂದಿದ್ದೆ, ಮರ ಅಂದಿರಲಿಲ್ಲ ಎಂದ.

ಇಲ್ಲಿಗೆ ಊರು ಅವನನ್ನು ಬೈದು ಎದ್ದು ಹೋಗಬೇಕಿತ್ತು. ಆದರೆ ಮಧ್ಯಾಹ್ನವಿಡೀ ಒಬ್ಬನನ್ನು ವೀರ ಎಂದು ಕೂತವರಿಗೆ ಅವನು ವೀರನಲ್ಲ ಎಂದರೆ ತಮಗೇ ಅವಮಾನ. ಸಿರಿಲ್ ಎದ್ದು ನಿಂತ. ತಾನು ಮಾಡಿದ ತಪ್ಪಿಗೆ ಊರಿನ ಎದುರು ಬಿಸಿಲಲ್ಲಿ ನಿಂತು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾನೆ, ಇಂಥ ಗಂಡಸು ಕೌನ್ಸಿಲ್ಲಿನಲ್ಲಿ ಒಬ್ಬನಾದರೂ ಇದ್ದಾನೆಯೇ ಎಂದು ಹಾಲ್‌ರಾಯ್ಡರನ್ನು ಕೇಳಿದ. ಪಾದ್ರಿಯಮ್ಮ ಆಮೆನ್ ಎಂದರು. ಹಾಡು ಮೊದಲಿಗಿಂತ ಜೋರಾಗಿ ಶುರುವಾಯಿತು.

ಹಾಲ್‌ರಾಯ್ಡರು ಬೆವರು ಒರೆಸಿಕೊಂಡು, ದಯವಿಟ್ಟು ಆಚೆ ಬನ್ನಿ, ನಮ್ಮ ಕೆಲಸ ಮುಗಿಸುತ್ತೇವೆ ಎಂದು ಲಯನೆಲ್‌ನನ್ನು ಕೇಳಿಕೊಂಡರು. ಬರಲಾರೆ ಎಂದ ಲಯನೆಲ್. ಬಾರದಿದ್ದರೂ ಕಡಿಯುತ್ತೇವೆ ಎಂದರು ಹಾಲ್‌ರಾಯ್ಡರು. ಈಗ ಲಯನೆಲ್‌ನೊಳಗಿನ ಇನ್‌ಸ್ಪೆಕ್ಟರ್ ಎಚ್ಚರಗೊಂಡ. ಮರದ ಎತ್ತರದ ಒಂದೂವರೆ ಪಟ್ಟು ದೂರದೊಳಗೆ ಮನುಷ್ಯರಿದ್ದರೆ ಗರಗಸ ಹಚ್ಚುವಂತಿಲ್ಲ, ಹಚ್ಚಿದರೆ ಹೊಣೆ ಸ್ಥಳದಲ್ಲಿರುವ ಅಧಿಕಾರಿಯದು, ಅಂದ ಹಾಗೆ ನಿಮ್ಮ ಹುಡುಗರ ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲ ಎಂದ. ಕೆಲಸದವರು ಗರಗಸ ಕೆಳಗಿಟ್ಟರು. ಹಾಲ್‌ರಾಯ್ಡರು ಯಾರಿಗೋ ಫೋನು ಮಾಡಿದರು, ಬಹಳ ಹೊತ್ತು ಹೂಂ ಹೂಂ ಎಂದರು, ಕೊನೆಗೆ ಒಣಕೊಂಬೆಯನ್ನು ಮಾತ್ರ ಇನ್ನೊಂದು ದಿನ ಬಂದು ಕಡಿಯುತ್ತೇವೆ ಎಂದು ಲಾರಿ ಹತ್ತಿದರು. ಹೀಗೆ ಲಯನೆಲ್ ತನಗೆ ಗೊತ್ತಿಲ್ಲದೆಯೇ ಒಂದು ಮರ ಉಳಿಸಿದ. ಜನ ಜೈಕಾರ ಹಾಕಿ, ಕೆಲಸವಾಯಿತಲ್ಲ, ಬಾ ಈಗ ಹೊರಗೆ, ಒಂದು ಗ್ಲಾಸು ಸೇಬಿನ ಸೈಡರ್ ಕುಡಿಯೋಣ ಎಂದು ಕರೆದರು.

ಅವನು ಬರಲಿಲ್ಲ. ಅವನ ಕಣ್ಣು ಪಶ್ಚಿಮದ ಕಡೆ ಇತ್ತು.

ನಡುಬೇಸಿಗೆಯ ಸೂರ್ಯ ಮುಳುಗಲು ಅವಸರ ಮಾಡುವುದಿಲ್ಲ, ಆದರೂ ಮುಳುಗುತ್ತಾನೆ. ಇಗರ್ಜಿಯ ಗೋಪುರದ ನೆರಳು ರಸ್ತೆ ದಾಟಿತ್ತು. ಆಗ ಲಯನೆಲ್‌ನ ಅಕ್ಕ ಎನಿಡ್ ಬಂದಳು. ಎನಿಡ್ ಚಾಪೆಲ್ಲಿನವಳು. ಕೈಗಂಟಿನ ದಿನದಿಂದ ಮೊರ್ವೆನ್ನಾಳ ಜೊತೆ ಒಂದು ಮಾತನ್ನೂ ಆಡಿದವಳಲ್ಲ. ಜನರನ್ನು ಸರಿಸಿಕೊಂಡು ಬಂದು ಗೆರೆಯ ಹತ್ತಿರ ನಿಂತಳು.

"ಇದು ಉಪ್ಪು ಕಣೋ, ಲಯನೆಲ್. ಮೊಟ್ಟೆ ಮೇಲೆ ಉದುರಿಸ್ಕೊಳ್ಳೋ ಉಪ್ಪು."

"ಗೊತ್ತು ಕಣೇ."

"ಗೊತ್ತಿದ್ರೆ ಕಾಲೆತ್ತಿ ಈಚೆ ಇಡು."

"ಆಗಲ್ಲ. ದಾಟಿದ್ರೆ ಅವಳು ಹೋಗಿಬಿಡ್ತಾಳೆ," ಎಂದ ಲಯನೆಲ್. "ನಂಗೆ ಅವಳನ್ನ ಬಿಟ್ಟಿರೋಕಾಗಲ್ಲ, ಎನಿಡ್."

ಗೇಟಿನ ಹೊರಗಿದ್ದವರಿಗೆ ಇದು ಕೇಳಿಸಲಿಲ್ಲ. ಗೇಟಿನೊಳಗಿದ್ದ ನನಗೆ ಕೇಳಿಸಿತು. ಎನಿಡ್ ಕೈಚೀಲವನ್ನು ನನ್ನ ಕೈಗೆ ತುರುಕಿ, ಚಾಪೆಲ್ಲಿಗೆ ಹಾಕುವ ಶೂಗಳಲ್ಲೇ ಗುಡ್ಡದ ದಾರಿ ಹಿಡಿದಳು. ಸುದ್ದಿ ಕಳಿಸಬಾರದು, ನಿಯಮ ಇದೆ ಎಂದು ಲಯನೆಲ್ ಹಿಂದಿನಿಂದ ಗೋಗರೆದ.

"ನಿನ್ನ ಸುದ್ದಿ ಯಾರು ಒಯ್ತಾರೆ," ಎಂದಳು ಎನಿಡ್ ತಿರುಗದೆ. "ನನ್ನ ಸಿಟ್ಟು ಒಯ್ತಿದ್ದೀನಿ."

ಎನಿಡ್ ಗುಡ್ಡದ ಮೇಲೆ ಏನು ಹೇಳಿದಳೋ ನಾನು ಕೇಳಲಿಲ್ಲ. ಇಳಿದು ಬರುವಾಗ ಮುಂದೆ ಮೊರ್ವೆನ್ನಾ ಇದ್ದಳು, ಸೊಂಟದಲ್ಲಿ ಗಂಟಿನ ಕೆಂಪು ಹುರಿ. ಹಿಂದೆ ಏದುಸಿರು ಬಿಡುತ್ತಾ ಎನಿಡ್, ಅವಳ ಹಿಂದೆ ಗುಡ್ಡದವರು, ಕೊನೆಯಲ್ಲಿ ಡೋಲು ಹೊತ್ತ ಕೆನ್ವಿನ್. ಸೂರ್ಯ ಸಮುದ್ರಕ್ಕೆ ತಾಗುವುದೊಂದು ಬಾಕಿ. ಗೇಟಿನ ಮುಂದಿದ್ದವರು ಎದ್ದು ದಾರಿ ಬಿಟ್ಟರು. ಮರ ಉಳಿಸಿದವನ ಹೆಂಡತಿ ಎಂದು ಕೆಲವರು ಟೋಪಿ ತೆಗೆದರು. ಲಯನೆಲ್ ನೆಲ ನೋಡುತ್ತಾ ನಿಂತಿದ್ದ. ಪೆಟ್ಟಿಗೆ, ಬೀಗ, ಕೀಲಿ ಎಲ್ಲವನ್ನೂ ಅವನೇ ಬಾಯಿಬಿಟ್ಟು ಹೇಳಿದ. ದೂರು ಕೊಟ್ಟದ್ದನ್ನೂ ಹೇಳಿದ. ಗೆರೆ ದಾಟಿಲ್ಲ, ಅದೊಂದು ಮಾಡಿಲ್ಲ ಎಂದ.

ಮೊರ್ವೆನ್ನಾ ಉಪ್ಪಿನ ಗೆರೆಯನ್ನು ನೋಡಿದಳು. ಹುಲ್ಲಿನಲ್ಲಿ ಅವನ ಹೆಜ್ಜೆ ಒತ್ತಿದ ಕಡೆ ನೋಡಿದಳು.

"ಹ್ಯಾಗೆ ಸುತ್ತಿದೆ, ಒಂದ್ಸಲ ತೋರಿಸು," ಎಂದಳು.

ಲಯನೆಲ್ ತೋರಿಸಿದ. ನಿಲುವಂಗಿ ಎತ್ತಿಕೊಂಡು, ಗೆರೆಯ ಒಳಗಡೆಯೇ, ಬಲಗೈಯನ್ನು ಗೆರೆಯ ಕಡೆ ಚಾಚಿ, ಅಲ್ಲೊಂದು ಗೋಡೆ ಇದೆ ಎನ್ನುವ ಹಾಗೆ ಗಾಳಿಯನ್ನು ಸವರುತ್ತಾ ಒಂದು ಸುತ್ತು ಬಂದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನ ಬೇಕರಿಯಲ್ಲಿ ವರ್ಷಾವರ್ಷ ಬರುತ್ತಿದ್ದ ಅದೇ ಸುತ್ತು. ಬಲಗೈ ಹೊರಗಿನ ಗೋಡೆಗೆ ತಾಗಿದ್ದರೆ ಮನುಷ್ಯ ಎಡಕ್ಕೇ ಸುತ್ತುತ್ತಾನೆ, ಸೂರ್ಯನಿಗೆ ತಿರುಗುಮುರುಗು. ಗುಡ್ಡದವರಲ್ಲಿ ಬಲಸುತ್ತು ಕಟ್ಟುವುದಕ್ಕೆ, ಎಡಸುತ್ತು ಬಿಚ್ಚುವುದಕ್ಕೆ. ಇದು ಅವರ ಮಕ್ಕಳಿಗೂ ಗೊತ್ತು. ನನಗೂ ಆಗ ತಲೆಗೆ ಹೋಯಿತು. ಕೆನ್ವಿನ್‌ನ ಗಡ್ಡದೊಳಗಿಂದ ಕಿಸಕ್ಕೆಂದು ಒಂದು ಸದ್ದು ಬಂತು. ಹೋದ ವರ್ಷದ ನೊರೆಯ ಲೆಕ್ಕ ಚುಕ್ತಾ ಮಾಡಲು ಅವನು ಬಾಯಿ ತೆರೆದ. ಮೊರ್ವೆನ್ನಾ ಅವನನ್ನು ತಿರುಗಿ ನೋಡಿದಳು. ಬಾಯಿ ಮುಚ್ಚಿತು.

ಅವಳು ಸೊಂಟದಿಂದ ತನ್ನ ಚೂರಿ ತೆಗೆದಳು. ನನ್ನ ಚೂರಿಯಿಂದಲೇ ಕುಯ್ಯಬೇಕಲ್ಲವೇ, ನೀನೇ ಹೇಳಿದ್ದೆ ಎಂದು ಲಯನೆಲ್ ಗಾಬರಿಯಾದ. ಕಲಿಸಿದವಳ ಚೂರಿ ಎಲ್ಲದಕ್ಕೂ ಆಗುತ್ತದೆ ಎಂದಳು ಮೊರ್ವೆನ್ನಾ. ಆಮೇಲೆ ಗೆರೆಯ ಹೊರಗೆ, ಸೂರ್ಯ ಹೋಗುವ ದಿಕ್ಕಿಗೆ, ಸಾವಕಾಶವಾಗಿ ಒಂದು ಸುತ್ತು ಬಂದಳು. ಬಂದು ಅವನ ಎದುರಿಗೆ ಗಾಳಿಯಲ್ಲಿ ಬಾಗಿಲು ಕುಯ್ದಳು. ಕುಯ್ದು, ಅವನನ್ನು ಹೊರಗೆ ಕರೆಯಲಿಲ್ಲ. ತಾನೇ ಒಳಗೆ ಹೋದಳು.

ಗಂಟು ಕಲ್ಲಿನ ಹತ್ತಿರ ಆಗಬೇಕಲ್ಲವೇ ಎಂದು ಕೆನ್ವಿನ್ ಗೊಣಗಿದ.

"ಕಲ್ಲು ಎಲ್ಲಿಗೂ ಹೋಗಲ್ಲ," ಎಂದಳು. "ನಾಳೆ ಹೋಗಿ ಹೇಳಿದ್ರಾಯ್ತು. ಈಗ ಬಾ, ಕಟ್ಟು."

ಕೆನ್ವಿನ್ ಕಟ್ಟಿದ. ಕಟ್ಟುವಾಗ ಅವನ ಗಡ್ಡ ಮೇಣದಬತ್ತಿಯ ಹತ್ತಿರ ಹೋಯಿತು. ಲಯನೆಲ್ ಅದನ್ನು ನೋಡಿದ. ಬಿಡುವಾಗಿದ್ದ ಅವನ ಕೈ ತಾನಾಗಿಯೇ ಸಿಲಿಂಡರ್ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಅವನು ಆ ಕೈಯನ್ನು ಮೊರ್ವೆನ್ನಾಳ ಕೈಯ ಮೇಲೆ ಇಟ್ಟ. ಗಡ್ಡದ ತುದಿ ಸ್ವಲ್ಪ ಸುಟ್ಟ ವಾಸನೆ ಬಂತು, ಪಾದ್ರಿಯಮ್ಮ ಫ್ಲಾಸ್ಕಿನ ಚಹಾ ಸುರಿದು ಆರಿಸಿದರು. ಆ ಹೊತ್ತಿಗೆ ಸೂರ್ಯ ಮುಳುಗಿದ. ಗಂಟು ಬಿದ್ದದ್ದು ಮೊದಲೋ ಸೂರ್ಯ ಮುಳುಗಿದ್ದು ಮೊದಲೋ ಎಂದು ಪಬ್ಬಿನಲ್ಲಿ ಇವತ್ತಿಗೂ ವಾದವಿದೆ. ಗಂಟೇ ಮೊದಲು ಎಂದು ಎನಿಡ್ ಬೈಬಲ್ಲಿನ ಮೇಲೆ ಕೈಯಿಟ್ಟು ಹೇಳುತ್ತಾಳೆ.

ಮಾರನೆಯ ದಿನ ಮೊರ್ವೆನ್ನಾ ಬ್ರೆಡ್ಡಿಗೆ ಬಂದಳು. ಬೇರೆ ಗಿರಾಕಿಗಳಿರಲಿಲ್ಲ. ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಅವನು ಎಡಕ್ಕೆ ಸುತ್ತಿದ್ದ, ಅಲ್ವೇನೇ?"

"ಹೂಂ."

"ಹಾಗಾದ್ರೆ ಮಂಡಲ?"

"ಇರಲೇ ಇಲ್ಲ. ಬರೀ ಉಪ್ಪು. ಯಾವಾಗ ಬೇಕಾದ್ರೂ ಎದ್ದು ಬರಬಹುದಿತ್ತು." ಅವಳು ಬ್ರೆಡ್ಡನ್ನು ಚೀಲಕ್ಕೆ ಹಾಕಿಕೊಂಡಳು. "ನಾಲ್ಕು ಗೋಡೆ ಇದ್ದ ಮನೇಲೇ ನಿಲ್ಲದವನ ಜೊತೆ ಬಾಳಿದವಳು ನಾನು, ಬೆರಿಲ್. ಇವನು ಗೋಡೆಯೇ ಇಲ್ಲದ ಕಡೆ ದಿನವಿಡೀ ನಿಂತ." ಬಾಗಿಲ ಹತ್ತಿರ ಹೋಗಿ ತಿರುಗಿದಳು. "ಅವನಿಗೆ ಹೇಳ್ಬೇಡ."

ನಾನು ಹೇಳಿಲ್ಲ. ಅವತ್ತು ಮಧ್ಯಾಹ್ನ ಲಯನೆಲ್ಲೂ ಬಂದ. ಮಣಿಕಟ್ಟಿನಲ್ಲಿ ಕೆಂಪು ಹುರಿ ಇನ್ನೂ ಇತ್ತು. ಮಂಡಲ ಕಟ್ಟುವುದು ಹೊಸಬರಿಗೆ ಕಷ್ಟವೇ, ಆದರೆ ಒಮ್ಮೆ ಕೈಗೆ ಬಂದರೆ ಬಹಳ ಗಟ್ಟಿಯಾಗಿ ನಿಲ್ಲುತ್ತದೆ, ತನಗೇ ಗೆರೆಯ ಹತ್ತಿರ ಹೋದಾಗಲೆಲ್ಲ ಎದೆಗೆ ಯಾರೋ ಕೈಯಿಟ್ಟು ತಡೆದ ಹಾಗಾಗುತ್ತಿತ್ತು ಎಂದು ಗಂಭೀರವಾಗಿ ವಿವರಿಸಿದ. ಇರಬಹುದು ಎಂದೆ. ಕೇಸರಿ ಬನ್ನಿನ ಪೊಟ್ಟಣ ತೆಗೆದುಕೊಂಡು, ಎದುರಿಗೇ ಇದ್ದ ಬಾಗಿಲನ್ನು ಬಿಟ್ಟು, ಬಲಗೈಯನ್ನು ಗೋಡೆಗೆ ತಾಗಿಸಿಕೊಂಡು ಅಂಗಡಿಯನ್ನೆಲ್ಲ ಸುತ್ತಿ ಬಾಗಿಲಿಗೆ ಬಂದು, ಅಲ್ಲಿಂದ ನೇರವಾಗಿ ಮನೆಗೆ ಹೋದ.